ಬೆಂಕಿರಾಯನ ಸತ್ತ ಬಿಲ್ಲೆ

ಬೆಂಕಿರಾಯ ಯಾವುದಕ್ಕೂ ಹೆದರುವವನಲ್ಲ. ಹೀಗೆಂದು ಹೇಳಿದವನು ಸ್ವತಃ ಬೆಂಕಿರಾಯನೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ. ಕಾಲೇಜಿನ ಭೌತಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಮಲಗಿರುವ ಕೊಳವೆ ಕುಲುಮೆಗಳಿಗೆಲ್ಲ ಅವನೇ ಚಕ್ರವರ್ತಿ. ತಲೆಗೆ ಕಿರೀಟದ ಬದಲು ಸುಟ್ಟ ಕಲೆಗಳ ಟವೆಲ್ಲು, ಕೈಗೆ ರಾಜದಂಡದ ಬದಲು ಮೊಳದುದ್ದದ ಇಕ್ಕಳ, ಸೊಂಟದಲ್ಲಿ ಕುಲುಮೆ ಕೋಣೆಯ ಕೀಲಿ. ಎರಡು ಹುಬ್ಬುಗಳಲ್ಲಿ ಒಂದು ಸದಾ ಸುಟ್ಟುಹೋಗಿರುವುದರಿಂದ ಯಾವ ಸುದ್ದಿ ಕೇಳಿದರೂ ಅವನು ಅರ್ಧ ಮಾತ್ರ ಆಶ್ಚರ್ಯಪಟ್ಟಂತೆ ಕಾಣುತ್ತಾನೆ. ಕೀಲಿಯನ್ನು ಸ್ನಾನಕ್ಕೆ ಹೋಗುವಾಗಲೂ ಬಿಚ್ಚಿಡುವುದಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಹೇಳುವಾಗ ಅವಳ ದನಿ ಸವತಿಯ ಸುದ್ದಿ ಹೇಳುವವಳ ಹಾಗಿರುತ್ತದೆ. ಒಂದು ಚಳಿಗಾಲದಲ್ಲಿ ಪಣಕ್ಕೆ ಬಿದ್ದದ್ದು ಇದೇ ಕೀಲಿ.

ಅವನದು ಅರಸುಮನೆತನವೇನಲ್ಲ. ತಂದೆಯದು ಬೇಕರಿ. ಮೀಸೆ ಮೂಡುವ ಮೊದಲೇ ಬೆಂಕಿರಾಯ ಒಲೆಯ ಬಾಯಿಗೆ ಕೆನ್ನೆಯೊಡ್ಡಿ ಶಾಖ ಹೇಳುವುದನ್ನು ಕಲಿತಿದ್ದ. ತಂದೆ ಕಲಿಸಿದ ಇನ್ನೊಂದು ಪಾಠವೂ ಇತ್ತು: ಬಾಗಿಲಲ್ಲಿ ಹಸಿದವನು ನಿಂತಿದ್ದರೆ ಬ್ರೆಡ್ಡು ತಾನಾಗಿ ಆರಲಿ ಎಂದು ಕಾಯಿಸಬೇಡ, ಹೊರಗೆಳೆದು ತಣ್ಣನೆಯ ಕಲ್ಲಿನ ಮೇಲೆ ಹಾಕು, ಕೈಗೆ ಕೊಡು. ಒಳ್ಳೆಯ ಪಾಠ. ಅದೇ ಮುಂದೆ ಅವನ ಕುತ್ತಿಗೆಗೆ ಬಂತು.

ಬೇಕರಿ ಮುಚ್ಚಿದಾಗ ಅವನನ್ನು ಕಾಲೇಜಿಗೆ ಕರೆತಂದವರು ದೊಡ್ಡ ಮೇಷ್ಟ್ರು, ವಿಭಾಗದ ಮುಖ್ಯಸ್ಥರು. ಸಂಜೆ ಬ್ರೆಡ್ಡು ಕೊಳ್ಳಲು ಬರುತ್ತಿದ್ದವರು ಒಂದು ದಿನ ಒಲೆಯನ್ನೇ ನೋಡುತ್ತಾ ನಿಂತು, “ನಮ್ಮಲ್ಲೂ ಒಂದಿಷ್ಟು ಹಿಟ್ಟು ಬೇಯಿಸೋದಿದೆ, ಬರ್ತೀಯೇನಯ್ಯಾ? ಆದ್ರೆ ಬೆಂದ ಮೇಲೆ ತಿನ್ನೋ ಹಾಗಿಲ್ಲ,” ಎಂದಿದ್ದರು.

ಆ ಹಿಟ್ಟು ಇಟ್ರಿಯಂ, ಬೇರಿಯಂ, ತಾಮ್ರಗಳ ಪುಡಿ. ಅದನ್ನು ಕಲ್ಬತ್ತಿನಲ್ಲಿ ಅರೆದು, ಸುಟ್ಟು, ಮತ್ತೆ ಅರೆದು, ಕೋಟಿನ ಗುಂಡಿಯಷ್ಟಗಲದ ಬಿಲ್ಲೆಯಾಗಿ ಒತ್ತಿ, ಆಮ್ಲಜನಕ ಹರಿಯುವ ಕೊಳವೆಯೊಳಗೆ ಇಟ್ಟು ಕೆಂಡವಾಗಿಸಬೇಕು. ಕಾಯಿಸುವುದನ್ನು ಯಾರು ಬೇಕಾದರೂ ಮಾಡಿಯಾರು, ಆರಿಸುವುದೇ ವಿದ್ಯೆ. ಇಡೀ ದಿನ, ಹಸುಗೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ, ಮೆಲ್ಲಮೆಲ್ಲಗೆ ಆರಿಸಬೇಕು. ಹಾಗೆ ಆರಿದ ಕಪ್ಪು ಬಿಲ್ಲೆಯನ್ನು ಕಡು ಚಳಿಗೆ ಒಡ್ಡಿದರೆ ಅದರೊಳಗೆ ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಆತುರಪಟ್ಟರೋ, ಒಡೆದ ಹೆಂಚಿನ ಚೂರಿಗೂ ಅದಕ್ಕೂ ವ್ಯತ್ಯಾಸವಿಲ್ಲ.

“ನೋಡಯ್ಯಾ,” ಎಂದು ಮೇಷ್ಟ್ರು ಮೊದಲ ದಿನವೇ ತಿಳಿಸಿ ಹೇಳಿದ್ದರು, “ಇದೊಂದು ಮಹಡಿ ಮೇಲೆ ಮಹಡಿ ಕಟ್ಟಿದ ವಠಾರ ಅಂದ್ಕೋ. ಕೆಲವು ಮಹಡೀಲಿ ತಾಮ್ರ, ಆಮ್ಲಜನಕ ಎರಡೂ ಸಂಸಾರ ಹೂಡ್ಕೊಂಡು ಗಟ್ಟಿಯಾಗಿ ಕೂತಿವೆ. ಕರೆಂಟು ಓಡೋದು ಅಲ್ಲಿ. ಆದ್ರೆ ನಡುನಡುವೆ ಒಂದೊಂದು ಪಡಸಾಲೆ ಇದೆ. ಅಲ್ಲಿರೋ ಆಮ್ಲಜನಕ ಬಾಡಿಗೆಯವರ ಹಾಗೆ. ಬಿಸಿ ಹೆಚ್ಚಾದ್ರೆ ಗಂಟುಮೂಟೆ ಕಟ್ಕೊಂಡು ಹೊರಗೆ ಓಡ್ತಾರೆ. ಮೆಲ್ಲಗೆ ಆರಿಸಿದ್ರೆ ಒಬ್ಬೊಬ್ಬರಾಗಿ ವಾಪಸು ಬಂದು, ತಾಮ್ರದ ಮಧ್ಯೆ ಮಧ್ಯೆ ಸಾಲಾಗಿ ನಿಲ್ತಾರೆ. ಪಡಸಾಲೇಲಿ ಸಾಲು ಸರಿಯಾಗಿದ್ರೆ ಮಹಡೀಲಿ ಕರೆಂಟು ಓಡುತ್ತೆ. ಸಾಲು ಕೆಟ್ರೆ ಇಡೀ ವಠಾರವೇ ಸತ್ತ ಹಾಗೆ.”

ಅಂದಿನಿಂದ ಮೇಷ್ಟ್ರಿಗೊಂದು ಅಭ್ಯಾಸ. ಕುಲುಮೆ ಪೂರ್ತಿ ಆರಿದ ಹೊತ್ತಿಗೆ ಮೆಟ್ಟಿಲಿಳಿದು ಬಂದು, ಅದರ ಬಾಯಿಗೆ ಬಗ್ಗಿ, ಒಳಗಿನವರನ್ನು ಕೇಳುವಂತೆ, “ಎಲ್ಲಾ ಸಾಲಾಗಿ ನಿಂತ್ರಾ?” ಎನ್ನುವುದು. ಕುಲುಮೆ ಮೂಕ ಪ್ರಾಣಿಯಾದ್ದರಿಂದ ಅದರ ಪರವಾಗಿ ಬೆಂಕಿರಾಯನೇ, “ನಿಂತ್ರು ಮೇಷ್ಟ್ರೇ,” ಎನ್ನಬೇಕು. ಒಂದೇ ಕಟ್ಟಳೆ: ಖಾತ್ರಿ ಇಲ್ಲದೆ ಆ ಮಾತು ಬಾಯಿಂದ ಬರಕೂಡದು. ಅದೊಂದು ಮಾತಿನಲ್ಲಿ ಬೆಂಕಿರಾಯ ಹರಿಶ್ಚಂದ್ರ. ಉಳಿದ ಮಾತುಗಳ ಬಗ್ಗೆ ಅವನ ಹೆಂಡತಿಯನ್ನು ಕೇಳಿ.

ಚಕ್ರವರ್ತಿ ಎಂದ ಮೇಲೆ ಶತ್ರು ಬೇಡವೇ? ಗೋಡೆಯಾಚೆಗಿನ ಶೀತದ ಕೋಣೆಯಲ್ಲಿ ಚಳಿರಾಯನಿದ್ದ. ಬಿರುಬೇಸಿಗೆಯಲ್ಲೂ ಸ್ವೆಟರು, ಕೈಗೆ ಕಂಬಳಿಯಷ್ಟು ದಪ್ಪದ ಗವಸು, ಕಾಲ ಸುತ್ತ ದ್ರವ ನೈಟ್ರೋಜನ್ನಿನ ಬಿಳಿ ಹೊಗೆ. ಅವನು ಬಾಗಿಲು ತೆರೆದರೆ ನಾಟಕದ ಯಮ ರಂಗಕ್ಕೆ ಬಂದಂತಿರುತ್ತಿತ್ತು. ಬೆಂಕಿರಾಯ ಬೇಯಿಸಿದ್ದನ್ನು ಹೀಲಿಯಂ ಯಂತ್ರಕ್ಕೆ ಇಳಿಸಿ, ಬದುಕಿದೆಯೋ ಸತ್ತಿದೆಯೋ ಎಂದು ತೀರ್ಪು ಹೇಳುವುದು ಅವನ ಕೆಲಸ. ಒಬ್ಬನು ಹೆರುವವನು, ಇನ್ನೊಬ್ಬನು ಜಾತಕ ಬರೆಯುವವನು. ಹೊಂದಾಣಿಕೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಬೆಂಕಿರಾಯನ ಮಗಳೂ ಚಳಿರಾಯನ ಮಗನೂ ಪರಸ್ಪರ ಮೆಚ್ಚಿ ಮದುವೆಯಾಗಿ, ಹಾವು ಮುಂಗುಸಿ ಬೀಗರಾಗಿದ್ದವು. ಅಂದಿನಿಂದ ಬೈಗುಳಕ್ಕೆಲ್ಲ ಬಹುವಚನ ಹಚ್ಚಬೇಕಾಯಿತು.

“ಬೀಗರೇ, ತಾವು ಬೇಯಿಸಿದ್ದು ಈ ಸಲವೂ ಇದ್ದಿಲೇ ಆಗಿದೆಯಲ್ಲಾ?”

“ತಮ್ಮ ಯಂತ್ರಕ್ಕೆ ಮೊದಲು ಕನ್ನಡಕ ಹಾಕಿಸಿ ಬೀಗರೇ.”

ಈ ಜಗಳ ನ್ಯಾಯವಾಗಿ ನಡೆಯಲೆಂದು ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಕೆಟ್ಟ ಬಿಲ್ಲೆಗಳನ್ನು ಎಸೆಯುತ್ತಿರಲಿಲ್ಲ. ಅವಕ್ಕೆ ‘ಹೆಣ’ ಎಂದು ಹೆಸರು. ಅವನ್ನು ಇಡುವ ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ‘ಮಸಣ’ ಎಂದು. ಪ್ರತಿ ಹೊಸ ಬಿಲ್ಲೆಯನ್ನು ಪರೀಕ್ಷಿಸುವ ಮೊದಲು ಯಂತ್ರಕ್ಕೆ ಒಂದು ಹೆಣವನ್ನು ಇಳಿಸಬೇಕು. ಹೆಣ ಹೆಣದಂತೆಯೇ ಇದ್ದರೆ ಯಂತ್ರ ಸತ್ಯ ಹೇಳುತ್ತಿದೆ ಎಂದರ್ಥ. ಆಮೇಲೆ ಹೊಸದರ ಸರದಿ. ಚಳಿರಾಯ ಸತ್ತಿದೆ ಎಂದದ್ದನ್ನು ಹೆಕ್ಕಿ ಡಬ್ಬಿಗೆ ಹಾಕುವ ಹೊಣೆ ಬೆಂಕಿರಾಯನದು. ಅವನು ಡಬ್ಬಿಗೆ ಹಾಕಿದನೆಂದರೆ ಅದು ಹೆಣ. ಡಬ್ಬಿ ಇರುತ್ತಿದ್ದುದು ಕುಲುಮೆ ಕೋಣೆಯ ಮೂಲೆಯ ಮೇಜಿನ ಖಾನೆಯಲ್ಲಿ, ಮೇಷ್ಟ್ರು ಬಂದಾಗ ಕೂರುತ್ತಿದ್ದ ಮೇಜು ಅದು.

ಹೀಗಿರಲು ಮೇಷ್ಟ್ರು ಆಸ್ಪತ್ರೆ ಸೇರಿದರು. ಹೋಗುವ ಮುನ್ನ ಒಂದು ಬಿಲ್ಲೆಯನ್ನು ತಾವೇ ಅರೆದು, ತಾವೇ ಒತ್ತಿ, ತಮ್ಮ ಕೈಯಿಂದಲೇ ಕೊಳವೆಗೆ ಇಟ್ಟು ಹೋಗಿದ್ದರು. ಅದು ಇನ್ನೂ ಕೆಂಡವಾಗಿರುವಾಗಲೇ ಆಸ್ಪತ್ರೆಯಿಂದ ಫೋನು ಬಂತು. ಮೇಷ್ಟ್ರ ಹೆಂಡತಿ.

“ಇವರು ‘ಸಾಲಾಗಿ ನಿಂತ್ರಾ ಕೇಳು, ನಿಂತ್ರಾ ಕೇಳು’ ಅಂತ ಒಂದೇ ಸಮನೆ ಅಂತಿದ್ದಾರಪ್ಪಾ. ಯಾರು ನಿಲ್ಲಬೇಕೋ ನನಗೆ ಗೊತ್ತಿಲ್ಲ. ಡಾಕ್ಟರು ಇವತ್ತು ದಾಟೋದು ಕಷ್ಟ ಅಂತಾರೆ. ಏನಾದ್ರೂ ಒಂದು ಹೇಳಪ್ಪಾ.”

ಯಾವ ಬುದ್ಧಿವಂತನಾದರೂ ನಿಂತ್ರು ಎಂದುಬಿಡುತ್ತಿದ್ದ. ಖಾತ್ರಿಯಿಲ್ಲದ ಆ ಮಾತನ್ನು ಬೆಂಕಿರಾಯ ಆಡಲಿಲ್ಲ. “ಸ್ವಲ್ಪ ತಡೀರಿ ಅಮ್ಮಾ, ಈಗ ನೋಡಿ ಹೇಳ್ತೀನಿ,” ಎಂದ. ಬಾಗಿಲಲ್ಲಿ ಹಸಿದವರು ನಿಂತಿದ್ದರು. ಇಡೀ ದಿನ ಮೆಲ್ಲಗೆ ಆರಿಸಲು ಹೊತ್ತೆಲ್ಲಿದೆ? ಬೇಕರಿಯವನ ಮಗ ಕೊಳವೆಯ ಬಾಯಿ ತೆರೆದು, ಕೆಂಪಗೆ ಉರಿಯುತ್ತಿದ್ದ ಬಿಲ್ಲೆಯನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು, ಗೋಡೆಯಾಚೆ ಓಡಿ, ಚಳಿರಾಯ ತಣ್ಣಗೆ ಮಾಡಿಟ್ಟಿದ್ದ ತಾಮ್ರದ ಹಲಗೆಯ ಮೇಲೆ ಅದನ್ನು ಒತ್ತಿದ. ಚುಂಯ್ ಎಂದಿತು. ಇಕ್ಕಳ ಕಚ್ಚಿದಲ್ಲಿ ಅಂಚು ಚಕ್ಕೆಯೆದ್ದು, ಉಗುರಿನಷ್ಟು ಗಾಯವಾಯಿತು.

ಅಂದು ಬೀಗರು ಜಗಳವಾಡಲಿಲ್ಲ. ಇಬ್ಬರೂ ಬೆವರುತ್ತಾ ಬಿಲ್ಲೆಗೆ ಕೂದಲೆಳೆಯ ತಂತಿಗಳನ್ನು ಬೆಳ್ಳಿಯ ಅಂಟಿನಲ್ಲಿ ಅಂಟಿಸಿ ಯಂತ್ರಕ್ಕೆ ಇಳಿಸಿದರು. ಯಂತ್ರದ ಪಕ್ಕದಲ್ಲಿ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಪೆನ್ನೊಂದಿದೆ. ಬಿಲ್ಲೆ ಬದುಕಿದ್ದರೆ ಚಳಿ ಏರುತ್ತಿದ್ದಂತೆ ಪೆನ್ನು ಒಂದೆಡೆ ತಟ್ಟನೆ, ಮೂರ್ಛೆ ಹೋದವನ ಹಾಗೆ, ತಳಕ್ಕೆ ಬೀಳುತ್ತದೆ. ಒಳ್ಳೆಯ ಬಿಲ್ಲೆಯಾದರೆ ದ್ರವ ನೈಟ್ರೋಜನ್ನಿನ ಚಳಿಗೂ ಮೊದಲೇ ಬೀಳುತ್ತದೆ. ಅಂದು ಅದು ಬೀಳಲಿಲ್ಲ. ನೈಟ್ರೋಜನ್ನಿನ ಚಳಿ ದಾಟಿತು, ಹೀಲಿಯಮ್ಮಿನ ಚಳಿ ಹತ್ತಿರವಾಯಿತು, ಇನ್ನು ಕೆಳಗೆ ಇಳಿಯಲು ಚಳಿಯೇ ಇಲ್ಲ ಎನ್ನುವ ಪಾತಾಳ ಮುಟ್ಟಿತು. ಪೆನ್ನು ಮೇಲೆಯೇ ತೆವಳುತ್ತಿತ್ತು.

“ಹೆಣ,” ಎಂದ ಚಳಿರಾಯ, ಮೆಲ್ಲಗೆ.

ಬೆಂಕಿರಾಯ ಫೋನೆತ್ತಿದ. ಆ ಕಡೆ ಉತ್ತರ ಕೇಳಿಸಿಕೊಳ್ಳುವವರು ಇರಲಿಲ್ಲ. ಅಳು ಮಾತ್ರ ಇತ್ತು. ಮೇಷ್ಟ್ರು ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ಕಾಯದೆ, ಹೋಗಿಬಿಟ್ಟಿದ್ದರು. ಬಿಲ್ಲೆಯನ್ನು ಅವನು ಮಸಣದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಇಲ್ಲಿಯವರೆಗೆ ಎಲ್ಲ ಮನೆಗಳಲ್ಲೂ ನಡೆಯುವ ಸಾವಿನ ಕಥೆಯೇ. ಮುಂದಿನದು ಹಾಗಲ್ಲ.

ಕೆಲವು ದಿನ ಕಳೆದು ಕೆಲಸ ಮತ್ತೆ ಶುರುವಾಯಿತು. ಆ ಚಳಿಗಾಲದಲ್ಲಿ ನೆಲಮಾಳಿಗೆ ಬಾವಿಯಂತೆ ತಣ್ಣಗಿತ್ತು. ಹೊಸ ಬಿಲ್ಲೆಯೊಂದರ ಪರೀಕ್ಷೆಗೆ ಮೊದಲು ಚಳಿರಾಯ ಪದ್ಧತಿಯಂತೆ ಒಂದು ಹೆಣ ಕೇಳಿದ. ತಂತಿ ಅಂಟಿಸಿ ಸಿದ್ಧವಾಗಿದ್ದದ್ದು ಮೇಷ್ಟ್ರ ಬಿಲ್ಲೆಯೊಂದೇ. ಬೆಂಕಿರಾಯ ಅದನ್ನೇ ಕೊಟ್ಟ. ಯಂತ್ರ ಪಾತಾಳದ ಹತ್ತಿರ ಬಂದಾಗ ಪೆನ್ನು ಒಮ್ಮೆ ನಡುಗಿ, ತಲೆ ಬಗ್ಗಿಸಿ, ಒಂದು ಗೇಣು ಕೆಳಗೆ ಜಾರಿತು.

“ತಂತಿ ಸಡಿಲ ಇರಬೇಕು,” ಎಂದ ಚಳಿರಾಯ.

“ನಿಮ್ಮ ಬುರುಡೇಲಿ,” ಎಂದ ಬೆಂಕಿರಾಯ. ಆದರೆ ಬಿಲ್ಲೆಯನ್ನು ಡಬ್ಬಿಗೆ ಹಾಕುವಾಗ ಬೆರಳ ತುದಿಯಲ್ಲಿ ಹಾಕಿದ.

ಎರಡನೆಯ ಸಲ ತಂತಿಗಳನ್ನೆಲ್ಲ ಹೊಸದಾಗಿ ಅಂಟಿಸಿದ್ದರು. ಪೆನ್ನು ಈ ಸಲ ಮೊದಲಿಗಿಂತ ಬೇಗ, ಮೊದಲಿನಷ್ಟು ಚಳಿ ಬೇಕಿಲ್ಲವೆಂಬಂತೆ, ನೇರ ತಳಕ್ಕೆ ಬಿತ್ತು. ಮೂರನೆಯ ಸಲ ಇನ್ನೂ ಬೇಗ. ಬೇರೆ ಹೆಣವೊಂದಕ್ಕೆ ತಂತಿ ಅಂಟಿಸಿ ಇಳಿಸಿದರು. ಅದು ಮಾನವಂತ ಹೆಣ, ಅಲುಗಲಿಲ್ಲ. ಯಂತ್ರದಲ್ಲಿ ತಪ್ಪಿರಲಿಲ್ಲ.

ಬೆಂಕಿರಾಯ ಗೋಡೆಗೊರಗಿ ಕಾಗದದ ಮೂರು ಗೆರೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದ. ಬಿಲ್ಲೆ ಚಳಿಯ ಪಾತಾಳದಿಂದ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಯಂತ್ರದೊಳಗೆ ಇದ್ದಾಗಲ್ಲ. ಡಬ್ಬಿಯಲ್ಲಿ, ಕತ್ತಲಲ್ಲಿ, ಯಾರೂ ನೋಡದೆ ಇದ್ದಾಗ.

“ಬೀಗರೇ,” ಎಂದ ಅವನು, ಒಂದು ಹುಬ್ಬಿನಷ್ಟೇ ಅಲ್ಲದೆ ಪೂರ್ತಿ ಗಾಬರಿಯಾಗಿ, “ಇದು ಎಲ್ಲೀತನಕ ಹತ್ತುತ್ತೆ?”

“ನನಗೇನು ಗೊತ್ತು?”

“ಹೀಗೇ ಹತ್ತಿ ಹತ್ತಿ ನಾವು ನಿಂತಿರೋ ಈ ಕೋಣೆಯ ಮಟ್ಟಕ್ಕೇ ಬಂದ್ರೆ?”

ಚಳಿರಾಯ ಗವಸು ಹಾಕಿಕೊಂಡ. ಕೋಣೆಯಲ್ಲಿ ಗವಸು ಹಾಕುವಂಥ ಕೆಲಸವೇನೂ ಇರಲಿಲ್ಲ.

ಅಂದಿನಿಂದ ಕುಲುಮೆ ಕೋಣೆ ಬೇರೆಯಾಯಿತು. ವರ್ಷಗಳಿಂದ ಕೇಳಿದ ಸದ್ದುಗಳೇ, ಆದರೆ ಬೆಂಕಿರಾಯನಿಗೆ ಅವು ಈಗ ಅರ್ಥವಾಗತೊಡಗಿದವು. ಅದಕ್ಕಿಂತ ದೊಡ್ಡ ದುರದೃಷ್ಟ ಬೇಕೆ? ಆರುತ್ತಿರುವ ಕುಲುಮೆಯ ಇಟ್ಟಿಗೆ ಕುಗ್ಗಿ ಟಿಕ್ ಎನ್ನುತ್ತಿತ್ತು. ಯಾರೋ ಬೆರಳ ನೆಟಿಗೆ ಮುರಿದಂತೆ. ಕೊಳವೆಯ ಆಚೆ ತುದಿಯ ಎಣ್ಣೆ ಬಾಟಲಿಯಲ್ಲಿ ಆಮ್ಲಜನಕ ಗುಳುಗುಳು ಎಂದು ಹೊರಬರುತ್ತಿತ್ತು. ಒಂದು ಮಧ್ಯಾಹ್ನ ಅವನು ಸಿಲಿಂಡರಿನ ತಿರುಪು ಮುಚ್ಚಿ ಊಟಕ್ಕೆ ಕುಳಿತ. ಗುಳ್ಳೆ ನಿಂತಿತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಬಾಟಲಿಯ ಎಣ್ಣೆ ಕೊಳವೆಯೊಳಗೆ ತಾನಾಗಿ ಮೇಲೇರಿತು. ಒಳಗಿನಿಂದ ಯಾರೋ ಉಸಿರೆಳೆದುಕೊಂಡಂತೆ, ಮೆಲ್ಲಗೆ, ಬಾಯಾರಿದವರ ಹಾಗೆ. ಬಿಸಿ ಕೊಳವೆ ಆರುವಾಗ ಒಳಗಿನ ಗಾಳಿ ಕುಗ್ಗಿ ಎಣ್ಣೆಯನ್ನು ಎಳೆಯುತ್ತದೆ, ಆದ್ದರಿಂದ ತಿರುಪು ಮುಚ್ಚುವ ಮೊದಲು ಬಾಟಲಿ ಬಿಡಿಸಬೇಕು ಎನ್ನುವುದು ಅವನೇ ಎಲ್ಲರಿಗೂ ಹೇಳಿಕೊಡುತ್ತಿದ್ದ ಪಾಠ. ಪಾಠ ನೆನಪಿಗೆ ಬಂದದ್ದು ಅವನು ಮೆಟ್ಟಿಲು ಹತ್ತಿ ಅಂಗಳ ಸೇರಿದ ಮೇಲೆ, ಕೈಯಲ್ಲಿ ತುತ್ತು ಹಿಡಿದುಕೊಂಡು.

ಕೋಣೆಗೆ ಸೂರಿನ ಹತ್ತಿರ ಒಂದೇ ಕಿಟಕಿ. ಹೊರಗಿನ ದಾರಿ ಆ ಮಟ್ಟದಲ್ಲಿರುವುದರಿಂದ ಒಳಗಿನವರಿಗೆ ಹೋಗಿಬರುವವರ ಪಾದಗಳಷ್ಟೇ ಕಾಣುತ್ತವೆ. ಮೇಷ್ಟ್ರು ಬದುಕಿದ್ದಾಗ ಬಂದ ಸುಳಿವಿಗೆ ಆ ಕಿಟಕಿಯ ಮುಂದೆ ನಿಂತು, ಎಡಗಾಲಿನ ಹೊಲಿಗೆ ಹಾಕಿದ ಕಂದು ಬೂಟಿನ ತುದಿಯಿಂದ ಸರಳನ್ನು ಎರಡು ಸಲ ತಟ್ಟಿ, ಆಮೇಲೆ ಮೆಟ್ಟಿಲಿಳಿಯುತ್ತಿದ್ದರು. ಮಾರನೆಯ ದಿನ, ಹಾಡುಹಗಲು, ಬಿಸಿಲು ಕಿಟಕಿಯಲ್ಲಿ ನೇರವಾಗಿ ಬೀಳುತ್ತಿರುವಾಗ, ಅದೇ ಕಂದು ಬೂಟು ಬಂದು ನಿಂತಿತು. ಎಡಗಾಲಿನ ಬೂಟಿಗೆ ಅದೇ ಹೊಲಿಗೆ. ನಿಂತಿತು, ಹೊರಳಿತು, ಮೆಟ್ಟಿಲ ಕಡೆ ನಡೆಯಿತು. ಕಿರ್, ಕಿರ್ ಎಂದು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು. ಯಾವುದಕ್ಕೂ ಹೆದರದ ಬೆಂಕಿರಾಯ ಇಕ್ಕಳ ಎತ್ತಿಕೊಂಡು ಕುಲುಮೆಯ ಹಿಂದೆ ಕುಳಿತ.

ಬಾಗಿಲು ತೆರೆದು ಬಂದವನು ಚಳಿರಾಯ.

“ಅಲ್ಲೇನು ಮಾಡ್ತಿದ್ದೀರಿ ಬೀಗರೇ, ಕೋಳಿ ಮೊಟ್ಟೆ ಇಡೋ ಹಾಗೆ?”

“ಆ ಬೂಟು... ಆ ಬೂಟು ಎಲ್ಲಿಂದ ಬಂತು ನಿಮಗೆ?”

“ಇದಾ? ಮೇಷ್ಟ್ರ ಮನೆಯವರು ಕೊಟ್ಟರು. ಅವರ ಮಕ್ಕಳ ಕಾಲಿಗೆ ಆಗಲ್ವಂತೆ. ನನ್ನ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ ನೋಡಿ.”

“ಸತ್ತವರ ಬೂಟು ಹಾಕ್ಕೊಂಡು ತಿರುಗೋಕೆ ನಾಚಿಕೆ ಆಗಲ್ವೇನ್ರೀ?”

“ಸತ್ತವರ ಕೋಟು ನಿಮಗೇ ಕೊಡಿಸ್ತೀನಿ ಅಂತ ಅವರಿಗೆ ಹೇಳಿದ್ದೆ. ಈಗ ಬೇಡ ಅಂತೀನಿ ಬಿಡಿ.” ಚಳಿರಾಯನ ನಗೆ ಅಷ್ಟಕ್ಕೇ ನಿಂತಿತು. “ಅದಿರಲಿ. ಹೊಸ ಮೇಡಂ ಗೆರೆಗಳನ್ನೆಲ್ಲಾ ನೋಡಿದ್ರು. ನಿಮ್ಮನ್ನ ಕರೀತಿದ್ದಾರೆ.”

ಹೊಸ ಮೇಡಂ ಎಂದರೆ ಮೇಷ್ಟ್ರ ಜಾಗಕ್ಕೆ ಬಂದವರು. ವಯಸ್ಸು ಕಡಿಮೆ, ಮಾತು ಕಡಿಮೆ, ಕಣ್ಣು ಚೂಪು. ಮೂರು ಗೆರೆಗಳೂ ಅವರ ಮೇಜಿನ ಮೇಲಿದ್ದವು.

“ಕೂತ್ಕೊಳ್ಳಿ,” ಎಂದರು. “ಸತ್ತಿದೆ ಅಂತ ನೀವು ಡಬ್ಬಿಗೆ ಹಾಕಿದ ಬಿಲ್ಲೆ ಬದುಕಿದೆ. ಅಂದ್ರೆ ಡಬ್ಬೀಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತುಹೋಗಿದೆ ಅಂತ ತಾನೇ? ಹಾಗಿದ್ರೆ ಇಷ್ಟು ವರ್ಷ ಆ ಡಬ್ಬೀನ ನಂಬಿ ಮಾಡಿದ ಪರೀಕ್ಷೆಗಳ ಗತಿ ಏನು?”

“ಬೆರೆತಿಲ್ಲ ಮೇಡಂ. ಅದು ಸತ್ತಿತ್ತು. ಬೀಗರೇ ನೋಡಿದ್ದಾರೆ. ಅಂಚಿನಲ್ಲಿ ನನ್ನ ಇಕ್ಕಳದ ಗಾಯ ಇದೆ, ಅದೇ ಬಿಲ್ಲೆ.”

“ಒಂದೇ ಬಿಲ್ಲೆ ಹೇಗೆ ಮೊದಲು ಸತ್ತು ಆಮೇಲೆ ಬದುಕುತ್ತೆ?”

ಬೆಂಕಿರಾಯ ನೆಲ ನೋಡಿದ. ಅವನಿಗೆ ಗೊತ್ತಿದ್ದ ಉತ್ತರ ಒಂದೇ. ಅದನ್ನು ಓದಿದವರ ಮುಂದೆ ಹೇಳುವಂತಿರಲಿಲ್ಲ. ಆದರೂ ಬಾಯಿ ತಡೆಯಲಿಲ್ಲ. “ಮೇಷ್ಟ್ರು ಕೊನೇಲಿ ಕೇಳಿದ್ದು ಅದನ್ನೇ ಮೇಡಂ. ಉತ್ತರ ಸಿಕ್ಕಿರಲಿಲ್ಲ. ಅದಕ್ಕೇ ಅವರೇ ಬಂದು...”

ಮೇಡಂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಗಾಯವನ್ನು ನೋಡಿ, ಆ ದಿನ ಹೇಗೆ ತೆಗೆದಿರಿ ಎಂದು ಕೇಳಿದರು. ಅವನು ಬೇಕರಿಯಿಂದ ಹಿಡಿದು ಹೇಳಿದ. ಅವರು ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೇಳಿದರು:

“ಒಂದು ದಾರಿ ಇದೆ. ನೀವು ಕೆಂಡದಿಂದ ಎಳೆದಾಗ ಪಡಸಾಲೇಲಿ ಆಮ್ಲಜನಕ ಸ್ವಲ್ಪವೇ ಉಳಿದಿತ್ತು. ಅದೂ ಸಾಲಾಗಿರಲಿಲ್ಲ, ಗದ್ದಲದಲ್ಲಿ ಸಿಕ್ಕಿಬಿದ್ದ ಜನರ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿತ್ತು. ಡಬ್ಬೀಲಿ ಇದ್ದಷ್ಟು ದಿನ ಅದೇ ಆಮ್ಲಜನಕ ಮೆಲ್ಲಗೆ ನಡೆದು ಸಾಲು ಕಟ್ಟಿರಬಹುದು. ಹೊರಗಿಂದ ಯಾರೂ ಬರಬೇಕಾಗಿಲ್ಲ. ಅದು ನಿಜವಾದ್ರೆ ಈ ಸಾಲನ್ನ ಇನ್ನೊಂದು ಸಲ ಕೆಡಿಸಬಹುದು. ಸ್ವಲ್ಪ ಬೆಚ್ಚಗೆ ಮಾಡಿ ತಟ್ಟನೆ ತಣಿಸಿದ್ರೆ ಮತ್ತೆ ಸಾಯಬೇಕು. ಬಿಟ್ಟರೆ ಮತ್ತೆ ಬದುಕಬೇಕು. ಬದುಕಿದ್ರೆ ನೀವು ಹೇಳಿದ್ದು ಸತ್ಯ.”

“ಬದುಕದಿದ್ರೆ?”

“ಬದುಕದಿದ್ರೆ ನೀವು ಬಿಲ್ಲೆ ಅದಲು ಬದಲು ಮಾಡಿದ್ದೀರಿ ಅಂತಾಗುತ್ತೆ. ಆಗ ಕುಲುಮೆ ಕೋಣೆ ಕೀಲಿ ನಿಮ್ಮ ಬೀಗರ ಕೈಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡಿ.”

ಇತ್ತ ದರಿ, ಅತ್ತ ಪುಲಿ. ಬಿಲ್ಲೆ ಸತ್ತೇ ಇದ್ದರೆ ಕೀಲಿ ಹೋಗುತ್ತದೆ. ಅದೂ ಚಳಿರಾಯನ ಸೊಂಟಕ್ಕೆ. ಕೀಲಿ ಉಳಿಯಬೇಕಾದರೆ ಕತ್ತಲ ಡಬ್ಬಿಯಲ್ಲಿ ಆ ಬಿಲ್ಲೆ ಮತ್ತೊಮ್ಮೆ ಎದ್ದು ಕೂರಬೇಕು. ಯಾವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲವೋ ಅದನ್ನೇ ಬಾ ಎಂದು ಬೇಡಿಕೊಳ್ಳುವ ಗತಿ ಬಂತು ಮಹಾಶೂರನಿಗೆ.

ಬಿಲ್ಲೆಯನ್ನು ಮೊದಲು ತೂಗಿದರು. ಆಮೇಲೆ ಎಲ್ಲರ ಎದುರಿಗೆ ಬೆಂಕಿರಾಯನೇ ಅದನ್ನು ಸಣ್ಣ ಕುಲುಮೆಗೆ ಇಟ್ಟ. ಶಾಖ ಬ್ರೆಡ್ಡಿಗೂ ಸಾಲದಷ್ಟು. ಅಷ್ಟರಲ್ಲಿ ಏನೂ ಒಳಗೆ ಬರುವುದಿಲ್ಲ, ಏನೂ ಹೊರಗೆ ಹೋಗುವುದಿಲ್ಲ ಎಂದರು ಮೇಡಂ; ಸಾಲು ಮಾತ್ರ ಚದುರುತ್ತದೆ. ಬಿಲ್ಲೆ ಬೆಚ್ಚಗಾದ ಮೇಲೆ ಅವನು ಅದನ್ನು ಇಕ್ಕಳದಲ್ಲಿ ಎತ್ತಿದ. ಮೇಷ್ಟ್ರು ಅರೆದ ಬಿಲ್ಲೆಯನ್ನು ಎರಡನೆಯ ಸಲ ಕೊಲ್ಲುತ್ತಿದ್ದ.

“ಕ್ಷಮಿಸಿ ಮೇಷ್ಟ್ರೇ,” ಎಂದು ಹಲ್ಲಿನ ನಡುವೆ ಅಂದು, ತಾಮ್ರದ ಹಲಗೆಗೆ ಒತ್ತಿದ.

ಯಂತ್ರಕ್ಕೆ ಇಳಿಸಿದರು. ಪೆನ್ನು ಪಾತಾಳದವರೆಗೂ ಬೀಳದೆ ತೆವಳಿತು. ಸತ್ತಿತ್ತು. ಮೇಡಂ ಅದನ್ನು ಸಣ್ಣ ಗಾಜಿನ ಕುಪ್ಪಿಯಲ್ಲಿಟ್ಟು, ಬಾಯಿಗೆ ಮೇಣ ಬಳಿದು, ಮೇಷ್ಟ್ರ ಮೇಜಿನ ಅದೇ ಖಾನೆಗೆ ಹಾಕಿ, ಬೀಗ ಜಡಿದು, ಖಾನೆಯ ಕೀಲಿಯನ್ನು ತಾವಿಟ್ಟುಕೊಂಡರು. ಕೋಣೆಯ ಕೀಲಿಯನ್ನು ಬೆಂಕಿರಾಯ ತಾನಾಗಿಯೇ ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗಂಟು ಅಷ್ಟು ಹಳೆಯದು.

ಆ ವಾರ ಅವನಿಗೆ ಮನೆಯೇ ಗತಿ. ಕೀಲಿಯಿಲ್ಲದ ಸೊಂಟವನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಾ ಅಡುಗೆಮನೆಯಲ್ಲಿ ಸುತ್ತುತ್ತಿದ್ದ.

“ರೀ, ಒಲೆ ಮುಂದೆ ನಿಂತ್ಕೊಂಡು ಅದರ ಬಾಯಿ ನೋಡಬೇಡಿ,” ಎಂದಳು ಹೆಂಡತಿ. “ಅದು ಗ್ಯಾಸ್ ಒಲೆ. ಅದರೊಳಗೆ ಯಾರೂ ಸಾಲಾಗಿ ನಿಲ್ಲಲ್ಲ.”

“ನಿನಗೆ ತಮಾಷೆ. ಅದು ಬಂದ್ರೂ ಕಷ್ಟ, ಬರದಿದ್ರೂ ಕಷ್ಟ ಕಣೇ.”

“ಹೋಗಲಿ, ಯಾವುದು ಬಂದ್ರೆ ಒಳ್ಳೇದು?”

“ಬರಲಿ,” ಎಂದ ಅವನು. ಆಮೇಲೆ ತಾನೇ ಹೇಳಿದ ಮಾತಿಗೆ ಬೆಚ್ಚಿ ಹಿಂದೆ ತಿರುಗಿ ನೋಡಿದ.

ಮಗಳು ಗಂಡನ ಮನೆಯಿಂದ ಬಂದು ಬೇಹುಗಾರಿಕೆಯ ವರದಿ ಒಪ್ಪಿಸಿದಳು. “ಅಪ್ಪಾ, ಮಾವ ನಿನಗಿಂತ ಕೆಟ್ಟುಹೋಗಿದ್ದಾರೆ. ಆ ಬೂಟನ್ನ ಹೊಸಿಲ ಹೊರಗೆ ಇಡ್ತಾರೆ. ಬೆಳಿಗ್ಗೆ ಎದ್ದು ಅದು ಇಟ್ಟ ಕಡೆಯೇ ಇದೆಯಾ ಅಂತ ಮೊದಲು ನೋಡ್ತಾರೆ.”

“ಇಟ್ಟ ಕಡೆಯೇ ಇರುತ್ತಾ?”

“ನೆನ್ನೆ ಒಂದು ತಿರುಗಿತ್ತಂತೆ. ನಾನೇ ಗುಡಿಸುವಾಗ ಸರಿಸಿದ್ದು. ಹೇಳಲಿಲ್ಲ.”

ಬೆಂಕಿರಾಯ ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ. ಆದರೆ ಅವಳು ಹೊರಟು ನಿಂತಾಗ ಹೇಳಿದ ಮಾತು ಅವನ ನಗೆಯನ್ನು ತೆಗೆದುಕೊಂಡು ಹೋಯಿತು: “ಮಾವಂಗೆ ನಿನ್ನ ಕೀಲಿ ಬೇಡವಂತೆ ಅಪ್ಪಾ. ಆ ಖಾನೆ ಇರೋ ಕೋಣೇಲಿ ಒಬ್ಬನೇ ಇರು ಅಂದ್ರೆ ಕೆಲಸವನ್ನೇ ಬಿಡ್ತೀನಿ ಅಂತಿದ್ದಾರೆ.”

ಕರೆ ಬಂದದ್ದು ಮಟಮಟ ಮಧ್ಯಾಹ್ನ. ಬೆಂಕಿರಾಯ ಹೋದಾಗ ಕುಪ್ಪಿಯ ಮೇಣ ಒಡೆದಿರಲಿಲ್ಲ. ಮೇಡಂ ಅವನ ಎದುರಿಗೇ ಅದನ್ನು ಒಡೆದರು, ಬಿಲ್ಲೆಯನ್ನು ತೂಗಿದರು. ತೂಕ ಒಂದು ಧೂಳಿನಷ್ಟೂ ಹೆಚ್ಚಿರಲಿಲ್ಲ, ಕಡಿಮೆಯಾಗಿರಲಿಲ್ಲ. ಯಾರೂ ಬಂದಿರಲಿಲ್ಲ, ಯಾರೂ ಹೋಗಿರಲಿಲ್ಲ. ಚಳಿರಾಯ ಯಂತ್ರಕ್ಕೆ ಇಳಿಸಿದ. ಮೂವರೂ ಪೆನ್ನಿನ ಸುತ್ತ ನಿಂತರು.

ನೈಟ್ರೋಜನ್ನಿನ ಚಳಿ ದಾಟಿತು. ಪೆನ್ನು ತೆವಳುತ್ತಲೇ ಇತ್ತು. ಬೆಂಕಿರಾಯನ ಕೈ ಖಾಲಿ ಸೊಂಟದ ಮೇಲಿತ್ತು. ಚಳಿ ಇನ್ನೂ ಇಳಿಯಿತು. ಪಾತಾಳ ಹತ್ತಿರವಾಗುತ್ತಿತ್ತು, ಪೆನ್ನಿಗೆ ಅದರ ಗೊಡವೆಯೇ ಇರಲಿಲ್ಲ. ಆಗ, ಯಾರೂ ಉಸಿರಾಡದೆ ಇದ್ದ ಆ ಕೋಣೆಯಲ್ಲಿ, ಅದು ಒಂದು ಕ್ಷಣ ನಿಂತಿತು. ಯಾರೋ ಬಾಗಿಲಲ್ಲಿ ನಿಂತು ಒಳಗೆ ನೋಡುವ ಹಾಗೆ. ನಡುಗಿತು. ತಳಕ್ಕೆ ಬಿತ್ತು. ಅಲ್ಲಿಯೇ ಮಲಗಿ ಸೊನ್ನೆಯ ಗೆರೆಯನ್ನು ಎಳೆಯುತ್ತಾ ಹೋಯಿತು.

“ಬಂತು,” ಎಂದರು ಮೇಡಂ. ಅವರ ತೋಳಿನ ಕೂದಲು ನೆಟ್ಟಗೆ ನಿಂತಿದ್ದನ್ನು ಬೆಂಕಿರಾಯ ನೋಡಿದ. ಅವರೂ ನೋಡಿಕೊಂಡು ತೋಳು ಇಳಿಬಿಟ್ಟರು. “ಇದು ಎಲ್ಲಿಯವರೆಗೆ ಹತ್ತುತ್ತೆ ಅಂತ ನೀವು ಕೇಳಿದ್ರಂತೆ. ಇರೋ ಆಮ್ಲಜನಕವೆಲ್ಲಾ ಸಾಲಾದ ಮೇಲೆ ನಿಲ್ಲುತ್ತೆ. ಅದಕ್ಕಿಂತ ಮೇಲೆ ಬರಲ್ಲ. ಹೆದರಬೇಡಿ.”

“ನಾನೆಲ್ಲಿ ಹೆದರಿದೆ ಮೇಡಂ?” ಎಂದ ಬೆಂಕಿರಾಯ. “ಆದ್ರೆ ಒಂದು ಕೇಳ್ತೀನಿ. ಅಲ್ಲಿ ಕತ್ತಲಲ್ಲಿ, ಮುಚ್ಚಿದ ಕುಪ್ಪೀಲಿ... ಸಾಲಾಗಿ ನಿಂತ್ಕೊಳ್ಳಿ ಅಂತ ಅವಕ್ಕೆ ಹೇಳಿದವರು ಯಾರು?”

“ಯಾರೂ ಹೇಳಬೇಕಾಗಿಲ್ಲ. ಹಾಗೆ ನಿಂತ್ರೆ ಅವಕ್ಕೆ ನೆಮ್ಮದಿ, ಅಷ್ಟೇ.”

ಇದು ಸಮಾಧಾನ ಹೇಳುವ ಮಾತು ಎಂದು ಮೇಡಂ ತಿಳಿದಿದ್ದರು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಡಂ ಕೀಲಿಯನ್ನು ಬೆಂಕಿರಾಯನ ಅಂಗೈಗೆ ಹಾಕಿ ಮೆಟ್ಟಿಲು ಹತ್ತಿ ಹೋದರು. ಮಸಣದ ಡಬ್ಬಿಗೆ ಅವರು ಒಂದು ಹೊಸ ಕಟ್ಟಳೆ ಮಾಡಿದ್ದರು: ಕೆಂಡದಿಂದ ಎಳೆದ ಬಿಲ್ಲೆಯನ್ನು ಇನ್ನು ಮುಂದೆ ಹೆಣಗಳ ಜೊತೆ ಇಡಕೂಡದು. ಮೇಷ್ಟ್ರ ಬಿಲ್ಲೆಗೆ ಬೇರೆ ಡಬ್ಬಿ. ಅದಕ್ಕೆ ಏನು ಹೆಸರಿಡುವುದೆಂದು ಯಾರಿಗೂ ತೋಚಲಿಲ್ಲ. ಇಂದಿಗೂ ಅದಕ್ಕೆ ಹೆಸರಿಲ್ಲ.

ಬೆಂಕಿರಾಯ ಕೀಲಿಯನ್ನು ಸೊಂಟಕ್ಕೆ ಕಟ್ಟಿದ. ಗಂಟು ಹಾಕಿದ. ಗಂಟಿನ ಮೇಲೆ ಗಂಟು ಹಾಕಿದ. ಆಮೇಲೆ ಬಿಲ್ಲೆಯನ್ನು ಹೊಸ ಡಬ್ಬಿಗೆ ಇಳಿಸಿ, ಖಾನೆಯಲ್ಲಿಟ್ಟು, ಮುಚ್ಚುವ ಮೊದಲು ತಲೆಯ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದ. ಈಗ ಅವನಿಗೆ ಖಾತ್ರಿ ಇತ್ತು. ಬಗ್ಗಿ, ಖಾನೆಯ ಕತ್ತಲಿಗೆ ಬಾಯಿಟ್ಟು, ಉಳಿದಿದ್ದ ಉತ್ತರವನ್ನು ಗಟ್ಟಿಯಾಗಿ ಹೇಳಿದ:

“ನಿಂತ್ರು ಮೇಷ್ಟ್ರೇ!”

ಆರುತ್ತಿದ್ದ ಕುಲುಮೆ ಟಿಕ್ ಎಂದಿತು. ಕಿಟಕಿಯ ಸರಳಿನ ಹತ್ತಿರ ಯಾರ ಪಾದವೂ ಇರಲಿಲ್ಲ. ಬಾಗಿಲಲ್ಲಿ ಚಳಿರಾಯ ನಿಂತಿದ್ದ, ಬರಿಗಾಲಲ್ಲಿ, ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು.

“ಮೆಲ್ಲಗೆ ಹೇಳಿ ಬೀಗರೇ,” ಎಂದ ಅವನು ಪಿಸುದನಿಯಲ್ಲಿ. “ಕೇಳಿಸ್ಕೊಂಡಾರು.”